ಕೆಂಪರಾಜನ ಐದನೇ ಗೇರ್

ಕಲ್ಕೆರೆಯ ಮುನಿನಾರಾಯಣಪ್ಪನ ಹಿರಿಮಗ ಕೆಂಪರಾಜನಿಗೆ ಓದು ಹತ್ತಲಿಲ್ಲ, ಗಾಡಿ ಹತ್ತಿತು. ಮೀಸೆ ಸರಿಯಾಗಿ ಮೂಡುವ ಮೊದಲೇ ಮೂರು ಚಕ್ರದ ಟೆಂಪೋದಲ್ಲಿ ದಂಟು, ಕೊತ್ತಂಬರಿ, ಹೂಕೋಸು ಹೇರಿಕೊಂಡು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದ. ಕೆರೆಯ ಕೆಳಗಿನ ತೋಟ ಅವರದು. ನೀರಿಗೂ ಕೊರತೆ ಇರಲಿಲ್ಲ, ಕೆಲಸಕ್ಕೂ ಕೊರತೆ ಇರಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ತೋಟದ ಮುಕ್ಕಾಲು ಪಾಲು ಸೈಟುಗಳಾಗಿ ಹೋಯಿತು. ಬದುಗಳಿದ್ದ ಕಡೆ ರಸ್ತೆಗಳು ಬಂದವು, ಬಾವಿಯನ್ನು ಮುಚ್ಚಿ ಅದರ ಮೇಲೆ ಯಾರೋ ಮನೆ ಕಟ್ಟಿಕೊಂಡರು. ಅಪ್ಪ ಮುಖ್ಯರಸ್ತೆಯ ಕಡೆ ಒಂದು ಸಾಲು ಅಂಗಡಿ ಕಟ್ಟಿಸಿ, ಬಾಡಿಗೆಗೆ ಬಿಟ್ಟು, ಸ್ವಲ್ಪ ಕಾಲ ಜಗುಲಿಯ ಮೇಲೆ ಕೂತಿದ್ದು ತೀರಿಕೊಂಡ. ಟೆಂಪೋ ಗುಜರಿಗೆ ಹೋಯಿತು. ಮನೆಯ ವ್ಯವಹಾರವೆಲ್ಲ ತಮ್ಮ ಮುನೀಂದ್ರನ ಕೈಗೆ ಬಂತು. ಕೆಂಪರಾಜನಿಗೆ ಬೆಳಿಗ್ಗೆ ಎದ್ದರೆ ಹೋಗಬೇಕಾದ ಜಾಗ ಅಂತ ಒಂದೂ ಉಳಿಯಲಿಲ್ಲ.

ಅವನ ಹೆಂಡತಿ ಹಂಸ ಮಾಲೂರಿನ ಕಡೆಯವಳು. ಮದುವೆಯಾಗಿ ಬಂದ ದಿನದಿಂದ ಅತ್ತೆ ಅಣ್ಣಮ್ಮನ ಕಣ್ಣಳತೆಯಲ್ಲೇ ಬದುಕಿದವಳು. ಮುದ್ದೆ ಬೇಯಿಸುವ ದೊಡ್ಡ ಪಾತ್ರೆ, ಒರಳು, ಬಟ್ಟೆ ಒಗೆಯುವ ಕಲ್ಲು, ಮಗಳು ಯಮುನಾ, ಇಷ್ಟರ ನಡುವೆ ಅವಳ ದಿನ ಮುಗಿದುಹೋಗುತ್ತಿತ್ತು. ಮಾತು ಕಡಿಮೆ. ನಕ್ಕರೆ ಸೆರಗು ಬಾಯಿಗೆ ಬರುತ್ತಿತ್ತು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಗಂಡನಿಗೆ ತಿಳಿಯುತ್ತಿರಲಿಲ್ಲ; ಕೇಳಬೇಕು ಎಂದು ಅವನಿಗೆ ಹೊಳೆದಿರಲೂ ಇಲ್ಲ.

ಬೆನ್ಸನ್ ಟೌನಿನಲ್ಲಿ ಡಾಕ್ಟರ್ ಭಗವಂತರಾಯರು ಅಂತ ಒಬ್ಬರಿದ್ದರು. ಟೆಂಪೋ ಕಾಲದಲ್ಲಿ ಕೆಂಪರಾಜ ಮಾರ್ಕೆಟ್ಟಿನಿಂದ ವಾಪಸು ಬರುವಾಗ ಅವರ ಮನೆಗೆ ಸೊಪ್ಪು ಕೊಟ್ಟು ಬರುತ್ತಿದ್ದ. ಅವರ ಮನೆಯ ಪೋರ್ಟಿಕೋದಲ್ಲಿ ಒಂದು ಅಮೆರಿಕದ ಕಾರು ನಿಂತಿರುತ್ತಿತ್ತು. ಎರಡೇ ಬಾಗಿಲು, ಎಮ್ಮೆಯ ಬೆನ್ನಿನಂಥ ಉದ್ದನೆಯ ಬಾನೆಟ್ಟು, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್. ಡಾಕ್ಟರು ಅಮೆರಿಕದಲ್ಲಿದ್ದಾಗ ಕೊಂಡು, ಬರುವಾಗ ಹಡಗಿನಲ್ಲಿ ತರಿಸಿಕೊಂಡದ್ದು. ತೊಂಬತ್ತೈದರಲ್ಲಿ ಅವರಿಗೆ ಕಣ್ಣು ಮಂದವಾಗಿ ಕಾರು ಮಾರುತ್ತಾರೆ ಎಂದು ಸುದ್ದಿ ಬಂದಾಗ ಕೆಂಪರಾಜ ಅದೇ ದಿನ ಹೋಗಿ ಎದುರಿಗೆ ನಿಂತ.

"ತಗೋ ಕೆಂಪರಾಜ್, ನಿನಗಾದ್ರೆ ಖುಷಿಯಾಗೇ ಕೊಡ್ತೀನಿ," ಎಂದರು ಡಾಕ್ಟರು. "ಆದ್ರೆ ಒಂದು ತಿಳ್ಕೊಂಡು ತಗೋ. ಇದನ್ನ ಓಡೋಕೆ ಅಂತ ಮಾಡಿದಾರೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ರೆ ನಿನ್ನ ಪುಣ್ಯ. ಪೆಟ್ರೋಲ್ ಉಳಿಸ್ಬೇಕು ಅನ್ನೋ ಯೋಚನೆ ಇದ್ರೆ ಈಗ್ಲೇ ಹೇಳು, ಟೀ ಕುಡಿದು ಹೋಗು."

ಕೆಂಪರಾಜ ಟೀ ಕುಡಿದು, ಕಾರನ್ನೂ ತೆಗೆದುಕೊಂಡು ಹೋದ. ಅದರ ಇಂಗ್ಲಿಷ್ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ದೊಡ್ಡ ಕಾರು ಎಂದೇ ಎಲ್ಲರೂ ಕರೆದರು.

ಹಂಸಳನ್ನು ಮೊದಲ ಸಲ ಕೂರಿಸಿಕೊಂಡು ಹೊರಟದ್ದು ಒಂದು ಭಾನುವಾರ ಬೆಳಿಗ್ಗೆ. ಯಮುನಾ ಅಜ್ಜಿಯ ಹತ್ತಿರ ಉಳಿದಳು. ಕೃಷ್ಣರಾಜಪುರದ ರೈಲ್ವೆ ಗೇಟು ದಾಟಿ ಊರು ಹಿಂದೆ ಬಿದ್ದ ಮೇಲೆ ಹೊಸಕೋಟೆಯ ಕಡೆಗೆ ರಸ್ತೆ ಖಾಲಿ ಬಿದ್ದಿತ್ತು. ಎರಡೂ ಕಡೆ ಹುಣಿಸೆ ಮರಗಳು. "ಸೀಟು ಹಿಡ್ಕೋ," ಎಂದು ಹೇಳಿ ಕೆಂಪರಾಜ ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನ ಮೇಲೆ ಕಾಲು ಅದುಮಿದ. ಕಾರಿನ ಮೂತಿ ಮೇಲೆದ್ದಂತಾಯಿತು. ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ ಹಾಗೆ ಇಬ್ಬರೂ ಸೀಟಿಗೆ ಅಂಟಿಕೊಂಡರು. ಹುಣಿಸೆ ಮರಗಳು ಒಂದಕ್ಕೊಂದು ಕೂಡಿಕೊಂಡು ಗೋಡೆಯಾದವು. ಹೆದರಿದಳೇನೋ ಎಂದು ತಿರುಗಿ ನೋಡಿದ. ಹಂಸ ನಗುತ್ತಿದ್ದಳು. ಸೆರಗು ಅಡ್ಡ ಹಿಡಿಯದೆ, ಗಂಟಲು ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ಆ ದನಿಯನ್ನು ಅವನು ಕೇಳಿರಲಿಲ್ಲ.

ಕಾರು ನಿಧಾನವಾದ ಮೇಲೆ ಅವಳು ಕೂದಲು ಸರಿಮಾಡಿಕೊಂಡು, "ಇನ್ನೊಂದ್ ಸಲ," ಎಂದಳು.

ಆಮೇಲೆ ಭಾನುವಾರ ಬಂದರೆ ಅವಳು ಬೇಗ ಎದ್ದು ತಿಂಡಿಯ ಕೆಲಸ ಮುಗಿಸಿಬಿಡುತ್ತಿದ್ದಳು. ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಹೊಸಕೋಟೆಯ ಆಚೆ ರಸ್ತೆ ಬದಿಯಲ್ಲಿ ಇಡ್ಲಿ ತಿಂದು ತಿರುಗಿ ಬರುವುದು, ಅಷ್ಟೆ. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಅವನು ಕಾಲು ಅದುಮಬೇಕು. ಅವಳು ನಗಬೇಕು. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಮುಖ ಒರೆಸಿಕೊಂಡು ಮತ್ತೆ ಹಳೆಯ ಹಂಸಳಾಗಿ ಇಳಿಯುತ್ತಿದ್ದಳು.

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಕಾರು ಪೆಟ್ರೋಲನ್ನು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಒಂದು ಸಲ ಬೂದಿಗೆರೆ ಕ್ರಾಸಿನ ಹತ್ತಿರ ನಿಂತೇಹೋಯಿತು. ಕೆಂಪರಾಜ ಕ್ಯಾನು ಹಿಡಿದು ಲಾರಿ ಹತ್ತಿ ಬಂಕಿಗೆ ಹೋಗಿ ಬರುವವರೆಗೆ ಹಂಸ ಮರದ ಕೆಳಗೆ ಕೂತಿದ್ದಳು. ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅಣ್ಣಮ್ಮ ನಡುಮನೆಯಲ್ಲೇ ಕೂತಿದ್ದಳು.

"ಬಂದ್ಯೇನಮ್ಮ ಸವಾರಿ ಮುಗಿಸ್ಕೊಂಡು?" ಎಂದಳು ಸೊಸೆಯನ್ನು ನೋಡಿ. "ನಿನ್ನ ಸೋಕಿಗೆ ನನ್ನ ಮಗ ಮನೆ ಮಠ ಸುಟ್ಕೊಳ್ಳೋದೊಂದು ಬಾಕಿ ಐತೆ."

ಮುನೀಂದ್ರ ದನಿ ಏರಿಸುವವನಲ್ಲ. "ಅಣ್ಣ, ಓಡಿಸ್ಬೇಡ ಅಂತ ನಾನು ಹೇಳಲ್ಲ," ಎಂದ. "ಆದ್ರೆ ಅಂಗಡಿ ಬಾಡಿಗೇಲಿ ಈ ಕಾರು ಕುಡಿಯೋದೇ ಒಂದು ಪಾಲಾಯ್ತಲ್ಲ. ಒಂದು ಲೆಕ್ಕ ಬೇಡ್ವ?"

ಕೆಂಪರಾಜ ತಲೆ ತಗ್ಗಿಸಿ ಕೈ ತೊಳೆಯಲು ಹೋದ. ಮುಂದಿನ ಭಾನುವಾರ ಅವನು ಬೀಗದ ಕೈ ತೆಗೆದುಕೊಂಡಾಗ ಹಂಸ ಅಡುಗೆಮನೆಯಿಂದಲೇ, "ಇವತ್ತು ಬೇಡ, ತಲೆ ನೋಯ್ತಾ ಐತೆ," ಎಂದಳು. ಅದರ ಮುಂದಿನ ಭಾನುವಾರವೂ ತಲೆನೋವು ಬಂತು.

ಶಿವಾಜಿನಗರದಲ್ಲಿ ಇನಾಯತ್ ಉಲ್ಲಾ ಎಂಬುವವರ ಹಳೆ ಬಿಡಿಭಾಗಗಳ ಅಂಗಡಿ ಇತ್ತು. ಟೆಂಪೋ ಕಾಲದಿಂದ ಅವರ ಪರಿಚಯ. ಕೆಂಪರಾಜ ಹೋಗಿ ಸಂಗತಿ ಹೇಳಿದ. ಇನಾಯತ್ ಉಲ್ಲಾ ಕಾರಿನ ಕೆಳಗೆ ಒಂದು ಸಲ ತೂರಿ ಬಂದು ಕೈ ಒರೆಸಿಕೊಂಡರು.

"ಹಿಂದಿನ ಆಕ್ಸಲ್ ಒಳಗೆ ಎರಡು ಹಲ್ಲಿನ ಚಕ್ರ ಇದಾವೆ ಭಾಯ್, ಕ್ರೌನು, ಪಿನಿಯನ್ನು," ಎಂದರು. "ಯಾರೋ ಪುಣ್ಯಾತ್ಮ ಇದಕ್ಕೆ ರೇಸಿಂದು ಹಾಕಿಸಿದಾನೆ. ಒಳಗಿನ ಶಾಫ್ಟ್ ನಾಲ್ಕು ಸುತ್ತು ಸುತ್ತಿದ್ರೆ ಚಕ್ರ ಒಂದೇ ಸುತ್ತು. ಅದಕ್ಕೇ ಹುಲಿ ಥರ ಹಾರ್ತದೆ. ಆದ್ರೆ ಎಂಜಿನ್ ಪಾಪ ಯಾವಾಗ್ಲೂ ಕೂಗ್ತಾನೇ ಇರ್ಬೇಕು, ಕೂಗ್ದಷ್ಟೂ ಕುಡೀತದೆ. ನನ್ನ ಹತ್ರ ಇದೇ ಕಂಪನೀದು ಇನ್ನೊಂದು ಸೆಟ್ ಐತೆ. ಮೂರು ಸುತ್ತಿಗಿಂತ ಕಮ್ಮಿ. ಅದು ಹಾಕಿದ್ರೆ ಎಂಜಿನ್ನಿಗೆ ಆರಾಮು, ನಿಮ್ಮ ಜೇಬಿಗೂ ಆರಾಮು."

"ಓಟ?"

"ಓಟ ಬೇಕಾ, ಉಳಿತಾಯ ಬೇಕಾ? ಎರಡೂ ಒಂದೇ ಆಕ್ಸಲ್‌ನಲ್ಲಿ ಕೂರಲ್ಲ ಭಾಯ್."

ಕೆಂಪರಾಜ ಉಳಿತಾಯದ ಸೆಟ್ ಹಾಕಿಸಿದ. ಹಳೆಯದಕ್ಕೆ ಗ್ರೀಸು ಬಳಿದು, ಗೋಣಿಯಲ್ಲಿ ಸುತ್ತಿ ಮನೆಗೆ ತಂದಿಟ್ಟ. ಲೀಟರಿಗೆ ಆರು ಕಿಲೋಮೀಟರ್ ದಾಟಿತು. ಮುನೀಂದ್ರನಿಗೆ ಹೇಳಿದ, ಅಮ್ಮನಿಗೂ ಕೇಳಿಸುವ ಹಾಗೆ ಹೇಳಿದ. ಆ ಭಾನುವಾರ ಹಂಸ ಬಂದಳು. ರೈಲ್ವೆ ಗೇಟು ದಾಟಿ ಅದೇ ಖಾಲಿ ರಸ್ತೆಯಲ್ಲಿ ಕಾಲು ಅದುಮಿದ. ಕಾರು ಊಟ ಮಾಡಿ ಎದ್ದ ಯಜಮಾನನ ಹಾಗೆ ಗಂಭೀರವಾಗಿ ಮುಂದೆ ಸಾಗಿತು. ವೇಗ ಬಂತು, ಆದರೆ ಬಂದದ್ದು ಗೊತ್ತಾಗಲಿಲ್ಲ. ಹಂಸ ಹೊರಗೆ ನೋಡುತ್ತ ಕೂತಿದ್ದಳು.

"ಹೆಂಗೈತೆ?" ಎಂದು ಕೇಳಿದ.

"ಚೆನ್ನಾಗೈತೆ. ಆರಾಮಾಗೈತೆ," ಎಂದಳು, ನೆಂಟರ ಮನೆಯ ಅಡುಗೆಯ ಬಗ್ಗೆ ಹೇಳುವ ದನಿಯಲ್ಲಿ.

ಆ ದನಿ ಅವನ ಕಿವಿಯಲ್ಲಿ ಉಳಿದುಬಿಟ್ಟಿತು. ಹಳೆಯ ಸೆಟ್ ವಾಪಸು ಹಾಕಿಸಿದರೆ ಮನೆಯಲ್ಲಿ ಅವಳು ಬೈಗುಳ ಕೇಳಬೇಕಾಗುತ್ತದೆ. ಹಾಕಿಸದಿದ್ದರೆ ಹೀಗೆ ಹೊರಗೆ ನೋಡುತ್ತ ಕೂರುತ್ತಾಳೆ. ಎರಡೂ ಆಗಬೇಕು ಎಂದು ಅವನು ಅವತ್ತೇ ತೀರ್ಮಾನಿಸಿದ. ಹೊಳೆದ ದಾರಿ ಸರಿಯಾದದ್ದೇ. ಕಾರಿಗೆ ನಾಲ್ಕು ಗೇರು ಮಾತ್ರ ಇದ್ದವು. ರೇಸಿನ ಹಳೆ ಕ್ರೌನು ಹಾಕಿ, ಅದರ ಜೊತೆಗೆ ಐದನೇ ಗೇರ್ ಇರುವ ಗೇರ್‌ಬಾಕ್ಸ್ ಕೂರಿಸಿದರೆ, ಕೆಳಗಿನ ಗೇರುಗಳಲ್ಲಿ ಹುಲಿ ಹುಲಿಯಾಗಿಯೇ ಇರುತ್ತದೆ. ಓಟಕ್ಕೆ ಬಿದ್ದ ಮೇಲೆ ಐದಕ್ಕೆ ಹಾಕಿದರೆ ಎಂಜಿನ್ ಉಸಿರಾಡಿಕೊಂಡು, ಕಡಿಮೆ ಕುಡಿದುಕೊಂಡು ಹೋಗುತ್ತದೆ. ಇನಾಯತ್ ಉಲ್ಲಾ ಕೂಡ ಗಡ್ಡ ಕೆರೆದುಕೊಂಡು ಒಪ್ಪಿದರು. "ಆಗ್ತದೆ. ಆದ್ರೆ ಸಿಗಬೇಕಲ್ಲ."

ತೊಂಬತ್ತೇಳರಲ್ಲಿ ಕೆಂಪರಾಜ ಹಿತ್ತಲಿನ ಶೆಡ್ಡಿನಲ್ಲಿ ಕಾರನ್ನು ಸೈಜುಗಲ್ಲುಗಳ ಮೇಲೆ ಏರಿಸಿ ಗೇರ್‌ಬಾಕ್ಸ್ ಇಳಿಸಿದ.

ಮೊದಲು ತಂದದ್ದು ಒಂದು ಸಣ್ಣ ಲಾರಿಯ ಐದು ಗೇರಿನ ಬಾಕ್ಸು. ಅದನ್ನು ಅಮೆರಿಕದ ಎಂಜಿನ್ನಿಗೆ ಕೂಡಿಸಲು ಬಾಣಸವಾಡಿಯ ಲೇತ್ ಅಂಗಡಿಯಲ್ಲಿ ಒಂದು ದಪ್ಪನೆಯ ತಟ್ಟೆ ಕಡೆಸಿದ. ತಟ್ಟೆಯ ರಂಧ್ರಗಳು ಒಂದು ಕೂದಲೆಳೆಯಷ್ಟು ಆಚೀಚೆಯಾಗಿ ಮತ್ತೆ ಕಡೆಸಿದ. ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಉದ್ದವಾಯಿತೆಂದು ಕತ್ತರಿಸಿದ, ಕತ್ತರಿಸಿದ್ದು ನಡುಗುತ್ತದೆಂದು ಮತ್ತೆ ಬೆಸೆದ. ಒಂದು ಮಳೆಗಾಲ, ಒಂದು ಬೇಸಿಗೆ, ಇನ್ನೊಂದು ಮಳೆಗಾಲ ಹೀಗೇ ಹೋಯಿತು. ಕೊನೆಗೆ ಕಾರು ಕೆಳಗಿಳಿಯಿತು. ಹೊಸದಾಗಿ ಟಾರು ಬಿದ್ದಿದ್ದ ರಿಂಗ್ ರೋಡಿನಲ್ಲಿ ಎರಡನೇ ಗೇರಿನಲ್ಲಿ ಕಾಲು ಅದುಮಿದ ಕೂಡಲೇ ಕೆಳಗೆ ಕಲ್ಲು ಪುಡಿಯಾದಂಥ ಸದ್ದಾಯಿತು. ಲಾರಿಯ ಹಲ್ಲುಗಳು ಎಂಟು ಸಿಲಿಂಡರಿನ ಏಟಿಗೆ ಉದುರಿಹೋಗಿದ್ದವು. ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆದು ತಂದ. ಹಂಸ ಗೇಟಿನ ಹತ್ತಿರವೇ ನಿಂತಿದ್ದಳು. ಅವತ್ತು ಅವಳು ಹಸಿರು ಸೀರೆ ಉಟ್ಟು, ತಲೆಗೆ ಹೂ ಮುಡಿದು ಕಾದಿದ್ದಳು.

"ಹೋಗ್ಲಿ ಬಿಡಿ," ಎಂದಳು. "ಡಾಕ್ಟರ್ ಮನೆಯಿಂದ ಬಂದಾಗ ಹೆಂಗಿತ್ತೋ ಹಂಗೇ ಮಾಡಿ ಓಡ್ಸೋಕಾಗಲ್ವ?"

"ಅದೇ ಬೈಗುಳ ಮತ್ತೆ ಕೇಳ್ಬೇಕು ನೀನು. ಸ್ವಲ್ಪ ತಡ್ಕೋ. ಒಂದೇ ಸಲ ಸರಿಯಾಗಿ ಆಗ್ಲಿ."

ಇನಾಯತ್ ಉಲ್ಲಾ ಅವರ ಭಾವಮೈದುನ ದುಬೈನಲ್ಲಿದ್ದ. ಅಲ್ಲಿ ಅಮೆರಿಕದ ಕಾರುಗಳ ಗುಜರಿ ದಂಡಿಯಾಗಿ ಸಿಗುತ್ತದೆ ಎಂದು, ಒಂದು ಐದು ಗೇರಿನ ಬಾಕ್ಸು ಕಳಿಸಲು ಅವನಿಗೆ ಹೇಳಿಕಳಿಸಿದರು. ಕಾಯುವುದರಲ್ಲೇ ಕಾಲ ಹೋಯಿತು. ಬಾಕ್ಸು ಬಂತು, ಆದರೆ ಬೇರೆ ಎಂಜಿನ್ನಿನದು. ಇನ್ನೊಂದನ್ನು ತರಿಸಲು ಮತ್ತೆ ಕಾಯಬೇಕಾಯಿತು. ನಡುವೆ ಕೆಂಪರಾಜ ಸುಮ್ಮನೆ ಕೂರಲಿಲ್ಲ. ಕಾರ್ಬೊರೇಟರ್ ಬಿಚ್ಚಿದ, ಬ್ರೇಕು ಬಿಚ್ಚಿದ, ಒಂದು ಸರಿಮಾಡಲು ಹೋಗಿ ನಾಲ್ಕು ಬಿಚ್ಚಿದ. ಬೆಳಿಗ್ಗೆ ಶೆಡ್ಡಿಗೆ ಹೋದರೆ ಊಟಕ್ಕೆ ಎದ್ದು ಬರುತ್ತಿದ್ದ. ಟೆಂಪೋ ಹೋದಾಗಿನಿಂದ ಖಾಲಿಯಾಗಿದ್ದ ದಿನ ಅವನಿಗೆ ತುಂಬಿಕೊಂಡಿತ್ತು. ಯಾರಾದರೂ ಕೇಳಿದರೆ ಇದೆಲ್ಲ ಹೆಂಡತಿಗಾಗಿ ಎನ್ನುತ್ತಿರಲಿಲ್ಲ. ಆದರೆ ಮನಸ್ಸಿನಲ್ಲಿ ಹಾಗೆಂದೇ ನಂಬಿದ್ದ.

ಎರಡು ಸಾವಿರದ ಇಸವಿಯಲ್ಲಿ ಅಣ್ಣ ತಮ್ಮ ಪಾಲಾದರು. ಜಗಳವೇನೂ ಆಗಲಿಲ್ಲ. ಮನೆಯ ನಡುವೆ ಒಂದು ಗೋಡೆ ಎದ್ದಿತು. ಅಂಗಡಿಗಳು ಹಂಚಿಕೆಯಾದವು. ಅಣ್ಣಮ್ಮ ಕಿರಿಮಗನ ಕಡೆ ಉಳಿದಳು. ಹಂಸಳಿಗೆ ಮೊದಲ ಸಲ ತನ್ನದೇ ಒಲೆ ಬಂತು. ಇನ್ನು ಪೆಟ್ರೋಲಿನ ಲೆಕ್ಕ ಕೇಳುವವರು ಯಾರೂ ಇರಲಿಲ್ಲ. ಸೋಕಿ ಎನ್ನುವವರೂ ಇರಲಿಲ್ಲ. ಯಾವ ಕಾರಣಕ್ಕೆ ಕೆಂಪರಾಜ ಕಾರನ್ನು ಕಲ್ಲಿನ ಮೇಲೆ ಏರಿಸಿದ್ದನೋ ಆ ಕಾರಣ ಗೋಡೆಯ ಆಚೆಗೆ ಹೋಗಿತ್ತು. ಅದು ಅವನ ಗಮನಕ್ಕೇ ಬರಲಿಲ್ಲ. ಆ ವಾರವೂ ಅವನು ದುಬೈ ಬಾಕ್ಸಿನ ಬಗ್ಗೆ ಕೇಳಲು ಶಿವಾಜಿನಗರಕ್ಕೆ ಹೋಗಿದ್ದ.

ಹಂಸ ಮೊದಮೊದಲು ತಿಂಗಳಿಗೊಮ್ಮೆ ಕೇಳುತ್ತಿದ್ದಳು: "ಯಾವಾಗ ಇಳೀತದೆ ಗಾಡಿ?" ಆಮೇಲೆ ಹಬ್ಬ ಹರಿದಿನ ಬಂದಾಗ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಬಿಟ್ಟದ್ದು ಯಾವಾಗ ಎಂದು ಕೆಂಪರಾಜನಿಗೆ ಹೇಳಲು ಬರುವುದಿಲ್ಲ.

ಸರಿಯಾದ ಗೇರ್‌ಬಾಕ್ಸು ಸಿಕ್ಕಿ, ಕೂತು, ಎಲ್ಲ ಕೂಡಿಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಗೋಣಿ ಬಿಚ್ಚಿ ಹಳೆ ಕ್ರೌನು ಪಿನಿಯನ್ನುಗಳನ್ನು ಆಕ್ಸಲ್ಲಿಗೆ ವಾಪಸು ಹಾಕಿದ. ಇನ್ನೂ ಬೆಳಕು ಹರಿಯುವಾಗ ಒಬ್ಬನೇ ಹೊರಟ. ಮತ್ತೊಮ್ಮೆ ಹಂಸಳ ಎದುರಿಗೆ ಕೆಟ್ಟು ನಿಲ್ಲುವುದು ಅವನಿಗೆ ಬೇಕಿರಲಿಲ್ಲ. ರೈಲ್ವೆ ಗೇಟಿದ್ದ ಕಡೆ ಈಗ ತೂಗುಸೇತುವೆ ಬಂದಿತ್ತು. ಆ ಹೊತ್ತಿಗೆ ಲಾರಿಗಳಷ್ಟೇ ಇದ್ದವು. ಹೊಸಕೋಟೆಯ ಹತ್ತಿರ ಸ್ವಲ್ಪ ಜಾಗ ಸಿಕ್ಕಿತು. ಎರಡು, ಮೂರು, ನಾಲ್ಕು. ಕಾರು ಹಳೆಯ ಹಾಗೆಯೇ ಎಗರಿತು. ಆಮೇಲೆ ಐದಕ್ಕೆ ಹಾಕಿದ. ಎಂಜಿನ್ನಿನ ಕೂಗು ಇಳಿಯಿತು, ಕಾರು ಮಾತ್ರ ವೇಗ ಕಳೆದುಕೊಳ್ಳಲಿಲ್ಲ. ಗುಂಯ್ ಎನ್ನುವ ಒಂದು ಸಣ್ಣ ನಾದ ಮಾತ್ರ ಉಳಿಯಿತು. ಹುಲಿಯೂ ಇತ್ತು, ಉಳಿತಾಯವೂ ಇತ್ತು. ಕೆಂಪರಾಜ ಅಲ್ಲೇ ಕಾರು ತಿರುಗಿಸಿದ.

ಮನೆಗೆ ಬಂದು ಕಾರಿನಿಂದ ಇಳಿಯುತ್ತಲೇ, "ಹಂಸ, ಆಯ್ತು ಕಣೆ," ಎಂದ.

ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಮುಖ ಬೆವತಿತ್ತು. "ಒಂದೀಟು ನೀರು ಕೊಡಿ," ಎಂದಳು.

ಹೊಟ್ಟೆನೋವು ಯುಗಾದಿಯಿಂದಲೂ ಇತ್ತಂತೆ. ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಗಡ್ಡೆ ಎಂದರು. ಒಂದು ಆಪರೇಷನ್ ಮಾಡಿದರು, ಪೂರ್ತಿ ತೆಗೆಯಲಾಗಲಿಲ್ಲ ಎಂದರು. ಕೀಮೋ ಶುರುವಾಯಿತು. ದೊಡ್ಡ ಕಾರಿನ ಸೀಟು ತಗ್ಗು, ಅವಳಿಗೆ ಬಗ್ಗಿ ಕೂರಲು ಆಗುತ್ತಿರಲಿಲ್ಲ. ಮುನೀಂದ್ರನ ಮಾರುತಿ ವ್ಯಾನಿನ ಹಿಂದಿನ ಸೀಟಿನಲ್ಲಿ ಚಾಪೆ ಹಾಸಿ ಮಲಗಿಸಿಕೊಂಡು ಹೋಗಿಬರುತ್ತಿದ್ದರು. ರಸ್ತೆಯ ಪ್ರತಿ ಗುಂಡಿಗೂ ಅವಳು ಹಲ್ಲು ಕಚ್ಚುತ್ತಿದ್ದಳು. ವ್ಯಾನು ಸ್ವಲ್ಪ ವೇಗವಾಗಿ ಹೋದರೂ ವಾಂತಿ. ಯಮುನಾ ಕಾಲೇಜು ಬಿಟ್ಟು ಅಮ್ಮನ ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ಟು ಹಿಡಿದು ಕೂರುತ್ತಿದ್ದಳು. ಅಣ್ಣಮ್ಮ ಗೋಡೆಯ ಆಚೆಯಿಂದ ಕೋಲೂರಿಕೊಂಡು ಬಂದು ಸೊಸೆಯ ಕಾಲ ಬಳಿ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದಳು.

ನಡುವೆ ಔಷಧಿಗೆ ಒಂದು ಬಿಡುವು ಕೊಟ್ಟರು. ಹಂಸ ಎರಡು ತುತ್ತು ಜಾಸ್ತಿ ತಿಂದಳು, ಎದ್ದು ಬಾಗಿಲವರೆಗೆ ಬಂದಳು. ಕೆಂಪರಾಜನಿಗೆ ಆಸೆ ಹುಟ್ಟಿತು.

"ಒಂದು ಸುತ್ತು ಹೋಗಾಣ್ವ, ದೊಡ್ಡ ಕಾರಲ್ಲಿ?"

ಅವಳು ಅವನ ಮುಖ ನೋಡಿದಳು. "ಹೂಂ, ಹೋಗಾಣ," ಎಂದಳು.

ಯಮುನಾ ಮತ್ತು ಕೆಂಪರಾಜ ಸೇರಿ, ಬೆನ್ನಿಗೊಂದು ಸೊಂಟಕ್ಕೊಂದು ದಿಂಬು ಕೊಟ್ಟು ಕೂರಿಸಿದರು. ಸೀರೆಯೊಳಗೆ ಹಂಸ ಇದ್ದಾಳೆಂದೇ ಅನ್ನಿಸುತ್ತಿರಲಿಲ್ಲ. ತಲೆಗೆ ಟವೆಲು ಸುತ್ತಿತ್ತು. ರಾಮಮೂರ್ತಿನಗರ ದಾಟುವುದಕ್ಕೇ ಅರ್ಧ ಗಂಟೆ ಹಿಡಿಯಿತು. ತಮ್ಮ ತೋಟವಿದ್ದ ಲೇಔಟಿನ ಅಡ್ಡರಸ್ತೆಯಿಂದ ಕಾರುಗಳು ಒಂದರ ಹಿಂದೆ ಒಂದು ಹೊರಬಂದು ಮುಂದೆ ತೂರಿಕೊಳ್ಳುತ್ತಿದ್ದವು. ತೂಗುಸೇತುವೆಯ ಬುಡದಲ್ಲಿ ಎಲ್ಲ ನಿಂತೇಹೋಯಿತು. ಎಡಕ್ಕೆ ಬಸ್ಸು, ಬಲಕ್ಕೆ ಸಿಮೆಂಟಿನ ಲಾರಿ. ಒಂದನೇ ಗೇರು, ನ್ಯೂಟ್ರಲ್ಲು, ಮತ್ತೆ ಒಂದನೇ ಗೇರು. ರೇಸಿನ ಕ್ರೌನಾದ್ದರಿಂದ ಕ್ಲಚ್ ಬಿಟ್ಟರೆ ಸಾಕು, ಕಾರು ಎಗರಲು ನೋಡುತ್ತಿತ್ತು; ಪ್ರತಿ ಸಲವೂ ಹಂಸ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಎಂಜಿನ್ನಿನ ಶಾಖ ಒಳಗೆಲ್ಲ ತುಂಬಿತು. ಪೆಟ್ರೋಲಿನ ಮುಳ್ಳು ನೋಡನೋಡುತ್ತಲೇ ಇಳಿಯುತ್ತಿತ್ತು. ನಿಂತ ಕಾರಿಗೆ ಯಾವ ಗೇರಿದ್ದರೇನು, ಕುಡಿಯುವುದು ಕುಡಿಯುತ್ತಲೇ ಇತ್ತು.

"ಈ ಸೇತುವೆ ಒಂದು ದಾಟಿದ್ರೆ ಆ ಕಡೆ ಖಾಲಿ ಐತೆ," ಎಂದ ಕೆಂಪರಾಜ. ಖಾಲಿ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. "ಅಲ್ಲಿ ಒಂದ್ಸಲ ಕಾಲು ಕೊಡ್ತೀನಿ. ಆಮೇಲೆ ಐದಕ್ಕೆ ಹಾಕ್ತೀನಿ, ನೋಡೀವಂತೆ."

"ಬೇಡ ರೀ," ಎಂದಳು ಹಂಸ. ಕಣ್ಣು ಮುಚ್ಚಿದ್ದಳು. "ಜೋರಾಗಿ ಬೇಡ. ನನ್ನ ಕೈಲಾಗಲ್ಲ. ಮನೆಗೆ ಹೋಗಾಣ."

ತಿರುಗಿಸಲು ಜಾಗ ಸಿಗುವಷ್ಟರಲ್ಲಿ ಇನ್ನೂ ಬಹಳ ಹೊತ್ತಾಯಿತು. ಅವತ್ತು ಕಾರು ಮೂರನೇ ಗೇರು ಕಾಣಲಿಲ್ಲ. ಬರುವ ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು: "ನಿಮ್ಗೆ ಬೇಜಾರಾಯ್ತೇನೋ." ಕೆಂಪರಾಜ ಇಲ್ಲ ಎಂದು ತಲೆಯಾಡಿಸಿದ.

ಸಂಕ್ರಾಂತಿ ಕಳೆದು ಕೆಲವೇ ದಿನಕ್ಕೆ ಹಂಸ ಹೋದಳು. ಕೊನೆಯ ವಾರ ಯಾರ ಗುರುತೂ ಅವಳಿಗೆ ಹತ್ತುತ್ತಿರಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಯಮುನಾ ಅಪ್ಪನಿಗೆ ಊಟ ಬಡಿಸಿದಳು. ಅವರೆಕಾಳಿನ ಸಾರು. ಕೆಂಪರಾಜ ಮುದ್ದೆ ಮುರಿದು ಹಾಗೇ ಕೂತಿದ್ದ.

"ಅಮ್ಮ ಅವರೆಕಾಯಿ ಬಿಡಿಸ್ತಿದ್ದದ್ದು ಎಲ್ಲಿ ಗೊತ್ತಾ ಅಪ್ಪ?" ಎಂದಳು ಯಮುನಾ. "ಕಾರಲ್ಲಿ. ನೀವು ಶಿವಾಜಿನಗರಕ್ಕೆ ಹೋದ ದಿನ ಮಧ್ಯಾಹ್ನ ಮೊರ ತಗೊಂಡೋಗಿ ಮುಂದಿನ ಸೀಟಲ್ಲಿ ಕೂತ್ಕೊಳ್ತಿದ್ರು. ಬಾಗಿಲು ಹಾಕ್ಕೊಂಡು. ನಾನು ಸ್ಕೂಲಿಂದ ಬಂದ್ರೆ ಮೊದ್ಲು ಶೆಡ್ಡಿಗೇ ಹೋಗ್ತಿದ್ದೆ."

"ಕಲ್ಲಿನ ಮೇಲಿತ್ತಲ್ಲಮ್ಮ ಕಾರು."

"ಹೂಂ. ಹತ್ತೋಕೆ ಒಂದು ಸ್ಟೂಲ್ ಇಟ್ಕೊಂಡಿದ್ರು. ನಿಮ್ಗೆ ಹೇಳ್ಬೇಡ ಅಂತಿದ್ರು. ನಿಮ್ಗೆ ಬೇಜಾರಾಗ್ತದೆ, ಬೇಗ ಮಾಡಕಾಗ್ಲಿಲ್ಲ ಅಂತ ನೊಂದ್ಕೋತೀರ ಅಂತ."

ಹುಡುಗಿ ಇದನ್ನು ದೂರಿನ ಹಾಗೆ ಹೇಳಲಿಲ್ಲ. ಅಮ್ಮನ ಒಂದು ನೆನಪು ಹೇಳಿದ ಹಾಗೆ ಹೇಳಿ ಮಜ್ಜಿಗೆ ತರಲು ಒಳಗೆ ಹೋದಳು. ಕೆಂಪರಾಜ ತಟ್ಟೆಯಲ್ಲೇ ಕೈ ತೊಳೆದುಕೊಂಡ.

ಅವತ್ತಿನಿಂದ ಅವನ ತಲೆಯಲ್ಲಿ ಒಂದೇ ಲೆಕ್ಕ ತಿರುಗತೊಡಗಿತು. ಪಾಲಾದ ವರ್ಷ ಹಳೆಯ ಗೇರ್‌ಬಾಕ್ಸನ್ನೇ ವಾಪಸು ಏರಿಸಿದ್ದರೆ. ಅದಕ್ಕೂ ಮುಂಚೆ, ಅಮ್ಮ ಬೈದ ದಿನ, ಬೈಯಲಿ ಎಂದು ಸುಮ್ಮನಿದ್ದಿದ್ದರೆ. ವಾರಕ್ಕೊಮ್ಮೆ ಬೇಡ, ತಿಂಗಳಿಗೊಮ್ಮೆ ಹೋಗಿದ್ದರೂ ಎಷ್ಟು ಭಾನುವಾರಗಳಾಗುತ್ತಿದ್ದವು. ಆಗ ರಸ್ತೆ ಇತ್ತು. ಅವಳ ಮೈಯಲ್ಲಿ ಶಕ್ತಿ ಇತ್ತು. ಪೆಟ್ರೋಲು ಉಳಿಸಿದ. ಉಳಿಸಿದ್ದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಈಗ ಅವನಿಗೆ ಯಾರೂ ಹೇಳುವವರಿರಲಿಲ್ಲ.

ಕಾರು ಶೆಡ್ಡಿನಲ್ಲೇ ನಿಂತಿತ್ತು. ಬ್ಯಾಟರಿ ಸತ್ತಿತು, ಟೈರು ಇಳಿಯಿತು. ಹಲಸೂರಿನಿಂದ ಒಬ್ಬರು ಕೊಳ್ಳಲು ಬಂದು ಐದನೇ ಗೇರಿನ ಕೆಲಸವನ್ನು ಬಹಳ ಹೊಗಳಿದರು. ಕೆಂಪರಾಜ ಎದ್ದು ಒಳಗೆ ಹೋಗಿಬಿಟ್ಟ. ಬಂದವರು ಸ್ವಲ್ಪ ಹೊತ್ತು ಕಾದು, ಮುನೀಂದ್ರನಿಗೆ ಹೇಳಿ ಹೋದರು.

ಹಂಸ ಹೋಗಿ ವರ್ಷ ದಾಟಿದ ಮೇಲೆ ಒಂದು ಸಂಜೆ ಅವನು ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದ. ಇನಾಯತ್ ಉಲ್ಲಾ ಅಂಗಡಿಯಲ್ಲೇ ಇದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎದ್ದು ಬಂದು ಕೈ ಹಿಡಿದು ಕೂರಿಸಿದರು. ಚಹಾ ತರಿಸಿದರು. ಮಗಳ ಓದು ಕೇಳಿದರು. ಕೆಂಪರಾಜ ಎಲ್ಲಕ್ಕೂ ಹೂಂ ಎಂದ.

"ಒಂದು ಕೇಳ್ಬೇಕಿತ್ತು ಭಾಯ್," ಎಂದ ಕೊನೆಗೆ. "ಆಗ, ಲಾರಿ ಬಾಕ್ಸ್ ಮುರಿದ್ಹೋಯ್ತಲ್ಲ. ಅವತ್ತೇ ನಾನು ಬಂದು, ನಂಗೆ ಯಾವುದೂ ಬೇಡ, ಕಾರು ಮೊದ್ಲು ಹೆಂಗಿತ್ತೋ ಹಂಗೇ ಮಾಡ್ಕೊಡಿ ಅಂದಿದ್ರೆ, ಎಷ್ಟು ದಿನ ಹಿಡೀತಿತ್ತು?"

ಇನಾಯತ್ ಉಲ್ಲಾ ಲೋಟವನ್ನು ಕೆಳಗಿಟ್ಟರು. ಮೇಜಿನ ಮೇಲಿದ್ದ ಒಂದು ಬೇರಿಂಗನ್ನು ಕೈಗೆ ತೆಗೆದುಕೊಂಡು ಸುಮ್ಮನೆ ತಿರುಗಿಸಿದರು.

"ದಿನ ಯಾಕೆ ಭಾಯ್," ಎಂದರು. "ಸಾಮಾನೆಲ್ಲ ನಿಮ್ಮ ಹತ್ರಾನೇ ಇತ್ತು. ಒಂದು ಮಧ್ಯಾಹ್ನದ ಕೆಲಸ."

ಕೆಂಪರಾಜ ಚಹಾ ಪೂರ್ತಿ ಕುಡಿದ. ಲೋಟ ಕೊಟ್ಟು, ಬರ್ತೀನಿ ಎಂದು ಹೇಳಿ ಎದ್ದ. ಬಸ್ ಸ್ಟ್ಯಾಂಡಿನಲ್ಲಿ ಕೃಷ್ಣರಾಜಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಹಲಸೂರು ದಾಟಿತು, ಇಂದಿರಾನಗರ ದಾಟಿತು. ಬೈಯಪ್ಪನಹಳ್ಳಿಯ ಹತ್ತಿರ ಬಸ್ಸು ನಿಂತಿತು. ಮುಂದೆ ಕಣ್ಣು ಹಾಯುವವರೆಗೂ ಕೆಂಪು ದೀಪಗಳು. ಡ್ರೈವರು ಎಂಜಿನ್ ಆಫ್ ಮಾಡಿದ. "ಟಿನ್ ಫ್ಯಾಕ್ಟರಿ ಸ್ಟಾಪಿಗೆ ಹೋಗೋರು ಇಲ್ಲೇ ಇಳ್ಕೊಂಡ್ರೆ ಒಳ್ಳೇದು," ಎಂದು ಕಂಡಕ್ಟರು ಹೇಳಿದ.

ಕೆಂಪರಾಜ ಇಳಿದು ರಸ್ತೆಯ ಅಂಚು ಹಿಡಿದು ನಡೆದ. ನಿಂತ ಕಾರುಗಳು, ವ್ಯಾನುಗಳು, ಲಾರಿಗಳು ಒಂದೊಂದಾಗಿ ಅವನ ಹಿಂದೆ ಬಿದ್ದವು. ನಡೆದೇ ಹೊರಟವನಿಗೆ ದಾರಿ ಬೇಗ ಸಾಗಿತು. ಬೇಗ ಹೋಗಿ ಮನೆಯಲ್ಲಿ ಮಾಡಬೇಕಾದ್ದು ಏನೂ ಇರಲಿಲ್ಲ.